ಹಿತ್ತಲ ಗಿಡಕ್ಕೆ ಮನೆಯ ಮದ್ದು

ನಾಲ್ಕು ಬದನೆ, ಎರಡು ದಾಸವಾಳ, ಒಂದು ಕರಿಬೇವು, ಚಪ್ಪರಕ್ಕೆ ಹಬ್ಬಿದ ಅವರೆ - ಇಷ್ಟಾದರೂ ಇಲ್ಲದ ಹಿತ್ತಲು ನಮ್ಮ ಕೊಳ್ಳೇಗಾಲದ ಕಡೆ ಅಪರೂಪ. ಗಿಡವಿದ್ದಲ್ಲಿ ಹುಳುವೂ ಉಂಟು. ಹುಳು ಕಂಡೊಡನೆ ಅಂಗಡಿಯಿಂದ ವಿಷದ ಸೀಸೆ ತರುವವರು ಹಲವರು. ಆದರೆ ನಾಳೆಯ ಹುಳಿಗೆ ಬೀಳುವ ಕಾಯಿಗೆ ಇಂದು ಆ ವಿಷವನ್ನು ಎರಚುವುದು ತಕ್ಕ ಮಾತಲ್ಲ. ಅಡಿಗೆಮನೆಯಲ್ಲಿಯೂ ಬೀದಿಯ ಮರದಲ್ಲಿಯೂ ದೊರೆಯುವ ಮದ್ದುಗಳ ವಿಚಾರವನ್ನೂ, ಅವನ್ನು ಬಳಸುವಾಗ ಇರಬೇಕಾದ ಎಚ್ಚರವನ್ನೂ ಇಲ್ಲಿ ಹೇಳುತ್ತೇನೆ. ಎಚ್ಚರದ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಮದ್ದುಗಳಲ್ಲಿ ಮೊದಲನೆಯದು ಬೇವು. ಹನೂರಿನ ಒಣಭೂಮಿಯ ಬದುಗಳಲ್ಲಿ ಬೇವಿಗೆ ಬರವಿಲ್ಲ. ಯುಗಾದಿಯ ಹೊತ್ತಿಗೆ ಹೂವಾದುದು ಮುಂಗಾರಿನ ಹೊತ್ತಿಗೆ ಹಣ್ಣಾಗಿ ಉದುರುತ್ತದೆ. ಹಣ್ಣನ್ನು ಆರಿಸಿ, ತಿರುಳನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿಡಬೇಕು. ಬೂಷ್ಟು ಹಿಡಿದ ಬೀಜ ಕೆಲಸಕ್ಕೆ ಬಾರದು. ಬೇಕಾದಾಗ ಸಿಪ್ಪೆ ತೆಗೆದ 50 ಗ್ರಾಂ ಬೀಜವನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡುವುದು. ಮರುದಿನ ಗಂಟನ್ನು ಹಿಂಡಿದರೆ ಹಾಲಿನಂಥ ರಸ ಇಳಿಯುತ್ತದೆ. ಅದನ್ನು ಸೋಸಿ, ಎಲೆಗೆ ಅಂಟಿಕೊಳ್ಳಲೆಂದು ಚಿಟಿಕೆ ಸಾಬೂನು ಕದಡಿ, ಅಂದೇ ಸಂಜೆ ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಬೇಕು. ಬಿಸಿಲಿಗೆ ಇದರ ಸತ್ತ್ವ ಕೆಡುವುದರಿಂದ ಸಂಜೆಯೇ ಮೇಲು. ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಮಾಡಬೇಕಾದೀತು.

ಬೇವು ಹುಳುವನ್ನು ಒಡನೆಯೇ ಕೊಲ್ಲುವುದಿಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು 1968ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿದರು. ಅದಕ್ಕೂ ಮೊದಲೇ, 1962ರಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಬೇವಿನ ಬೀಜದ ನೀರನ್ನು ಎರಚಿದ ಪೈರನ್ನು ಮಿಡತೆಗಳು ಮುಟ್ಟವೆಂದು ತೋರಿಸಿದ್ದರು. ಈ ವಸ್ತು ಹುಳುವಿಗೆ ಮೇವು ಸೇರದಂತೆ ಮಾಡುತ್ತದೆ. ಬೆಳೆಯುವ ಹುಳು ಪೊರೆ ಕಳಚುವುದನ್ನು ತಡೆಯುತ್ತದೆ. ಆದುದರಿಂದ ಮೂರು ನಾಲ್ಕು ದಿನ ತಾಳ್ಮೆ ಬೇಕು.

ಅವರೆಯ ಕುಡಿಗೆ ಮುತ್ತುವ ಹೇನಿಗೆ ಸಾಬೂನಿನ ನೀರೇ ಸಾಕು. ಬಟ್ಟೆ ಒಗೆಯುವ ಪುಡಿ ಬೇಡ. ಸಾದಾ ಸಾಬೂನನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ, ಮೊದಲು ಒಂದೆರಡು ಎಲೆಗೆ ಹಚ್ಚಿ ನೋಡಿ, ಎಲೆ ಸುಡದಿದ್ದರೆ ಹೇನಿನ ಮೈಗೆ ತಾಗುವಂತೆ ಸಿಂಪಡಿಸುವುದು. ಕುಂಬಳದ ಎಲೆ ತಿನ್ನುವ ಕೆಂಪು ದುಂಬಿಗೆ, ಮುಂಜಾನೆ ಇಬ್ಬನಿ ಆರುವ ಮೊದಲು ಒಲೆಯ ಬೂದಿಯನ್ನು ತೆಳುವಾಗಿ ಉದುರಿಸುವುದು ನಮ್ಮ ಅಜ್ಜಿಯರ ಕ್ರಮ. ಬೆಳ್ಳುಳ್ಳಿ ಮತ್ತು ಹಸಿಮೆಣಸಿನ ಕಾಯಿಯನ್ನು ಅರೆದು ಸೋಸಿದ ನೀರೂ ಹುಳುವನ್ನು ದೂರವಿಡುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. ಅರೆಯುವಾಗ ಕಣ್ಣು ಜೋಕೆ. ಬದನೆಯ ಒಳಹೊಕ್ಕ ಕಾಯಿಕೊರಕನಿಗೆ ಮಾತ್ರ ಯಾವ ಸಿಂಪರಣೆಯೂ ತಲುಪದು. ಬಾಡಿದ ಕುಡಿಯನ್ನೂ ತೂತಾದ ಕಾಯನ್ನೂ ಕಿತ್ತು ನಾಶಮಾಡುವುದೇ ದಾರಿ.

ಇನ್ನು ಹೊಗೆಸೊಪ್ಪಿನ ಕಷಾಯ. ಇದನ್ನು ಮಾಡಬೇಡಿರೆಂದೇ ಹೇಳುತ್ತೇನೆ. ಅದರ ನಿಕೋಟಿನ್ ಚರ್ಮದ ಮೂಲಕವೂ ಮನುಷ್ಯನ ಮೈಗೆ ಇಳಿಯುವ ವಿಷ. ಕೆಲವು ವರ್ಷಗಳ ಹಿಂದೆ ಇದನ್ನು ಅರಿಯದೆ, ಮಲ್ಲಿಗೆಯ ಹುಳುವಿಗೆಂದು ಕಷಾಯ ಕಾಸಿ, ಗಾಳಿ ಬೀಸುವ ಹೊತ್ತಿನಲ್ಲಿ ಸಿಂಪಡಿಸಿದೆ. ಬೇಲಿಯಾಚೆ ನೆರೆಮನೆಯವರ ಹಿಪ್ಪುನೇರಳೆ ಇತ್ತು. ಮರುದಿನ ಅವರು ಆ ಸಾಲಿನ ಸೊಪ್ಪನ್ನೇ ಕೊಯ್ದು ಹುಳುಗಳಿಗೆ ಹಾಕಿದರು. ನಾಲ್ಕನೆಯ ಜ್ವರ ಕಳೆದು, ಗೂಡು ಕಟ್ಟಲು ವಾರವೂ ಉಳಿದಿರಲಿಲ್ಲ. ಹುಳುಗಳು ತಲೆಯೆತ್ತಿ ಕಕ್ಕಿ ಮುದುಡಿಕೊಂಡವು. ಎರಡು ತಟ್ಟೆಯ ಹುಳುವನ್ನು ಹೂಳಬೇಕಾಯಿತು. "ಸೊಪ್ಪಿನ ದೋಷವೋ, ನಮ್ಮ ಗ್ರಹಚಾರವೋ" ಎಂದರು ಆ ಮನೆಯಾಕೆ. ದೋಷ ನನ್ನದೆಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ಹಣವನ್ನೇನೋ ಕೊಟ್ಟೆ, ರಾತ್ರಿಯಲ್ಲಿ ಎದ್ದೆದ್ದು ಸೊಪ್ಪು ಹಾಕಿದ ಕೈಗಳಿಗೆ ಕೂಲಿ ಕೊಡುವ ಬಗೆ ತಿಳಿಯಲಿಲ್ಲ.

ಅಮರಕೋಶವು ಬೇವಿಗೆ ಹೇಳುವ ಹೆಸರುಗಳಲ್ಲಿ 'ಸರ್ವತೋಭದ್ರ' ಎಂಬುದೊಂದು. ಎಲ್ಲ ಬಗೆಯಲ್ಲಿಯೂ ಒಳಿತಾದುದು ಎಂದು ಅರ್ಥ. ತರಗತಿಯಲ್ಲಿ ಎಷ್ಟೋ ಸಲ ಇದನ್ನು ಪಾಠ ಹೇಳಿದ್ದೇನೆ. ಆದರೆ ರೇಷ್ಮೆಹುಳುವಿಗೆ ಬೇವೂ ಭದ್ರವಲ್ಲ. ಪೊರೆ ಕಳಚಿ ಬೆಳೆಯುವುದರಲ್ಲಿ ಬದನೆಯ ಹುಳುವಿಗೂ ಅದಕ್ಕೂ ಭೇದವಿಲ್ಲ. ಮದ್ದು ಶತ್ರು ಮಿತ್ರರನ್ನು ಅರಿಯದು. ಕೊಳ್ಳೇಗಾಲ ಯಳಂದೂರುಗಳಂಥ ರೇಷ್ಮೆಯ ಸೀಮೆಯಲ್ಲಿ ಈ ಮಾತನ್ನು ಮರೆಯಲಾಗದು. ಆದುದರಿಂದ ಹಿಪ್ಪುನೇರಳೆಯ ಬಳಿ ಯಾವ ಮದ್ದನ್ನೂ ಸಿಂಪಡಿಸಬಾರದು. ಅಗತ್ಯ ಬಿದ್ದಲ್ಲಿ ಎಲೆಗೆ ಬಟ್ಟೆಯಿಂದ ಒರೆಸಬಹುದು. ಮದ್ದು ಮುಟ್ಟಿದ ಕೈಯಲ್ಲಿ, ಅದೇ ಬಟ್ಟೆಯಲ್ಲಿ, ಹುಳುಮನೆಗೆ ಕಾಲಿಡಬಾರದು. ನೆರೆಯವರಿಗೆ ಮೊದಲೇ ತಿಳಿಸಬೇಕು. ಹೂ ಬಿಟ್ಟ ಗಿಡಕ್ಕಾದರೆ ಜೇನುಹುಳುಗಳು ಗೂಡಿಗೆ ಮರಳಿದ ಮೇಲೆಯೇ ಸಿಂಪಡಿಸಬೇಕು.

ಹುಳುಗಳಲ್ಲಿ ನಮಗೆ ಕೆಲಸ ಮಾಡಿಕೊಡುವವೂ ಇವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿಯ ಹಿಟ್ಟುತಿಗಣೆ ಹಿಪ್ಪುನೇರಳೆಯನ್ನೂ ಮುತ್ತಿ, ಕರ್ನಾಟಕಕ್ಕೂ ಹಬ್ಬಿತು. ಅದನ್ನು ಅಡಗಿಸಿದ್ದು ವಿಷವಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟ ಸಾಸಿವೆಗಿಂತ ಚಿಕ್ಕದಾದ ಒಂದು ಕಣಜ. ನಮ್ಮ ಹಿತ್ತಲಿನ ಗುಲಗಂಜಿ ಹುಳುವೂ ಹೇನನ್ನು ತಿಂದು ಬದುಕುವಂಥದು. ಅದು ಕಂಡಲ್ಲಿ ಮದ್ದಿನ ಪಾತ್ರೆಯನ್ನು ಕೆಳಗಿಟ್ಟು ನಾಲ್ಕು ದಿನ ಕಾಯುವುದೇ ಲೇಸು.

ಈಗಲೂ ಮುಂಗಾರಿನಲ್ಲಿ ಬೇವಿನ ಬೀಜ ಆರಿಸುತ್ತೇನೆ. ಆದರೆ ಮದ್ದು ಕಲಸುವ ಮೊದಲು ಬೇಲಿಯ ಬಳಿ ಹೋಗಿ, "ನಿಮ್ಮ ಹುಳು ಎಷ್ಟನೆಯ ಜ್ವರದಲ್ಲಿವೆ?" ಎಂದು ಕೇಳುತ್ತೇನೆ. ಸೊಪ್ಪು ಕೊಯ್ಯುವ ದಿನಗಳೆಂದು ಅವರು ಹೇಳಿದರೆ, ಆ ವಾರ ನನ್ನ ಬದನೆಯ ಎಲೆಯನ್ನು ಹುಳು ತಿನ್ನಲಿ ಎಂದು ಸುಮ್ಮನಿರುತ್ತೇನೆ.