ಏಳು ಬೆರಳಿನ ಪ್ರಾಣಿ

ಕಪ್ಪೆಯು ಬಾಲ್ಯವನ್ನು ನೀರಿನಲ್ಲಿ ಕಳೆದು, ಬೆಳೆದ ಮೇಲೆ ನೆಲಕ್ಕೆ ಬರುವುದೆಂದು ತರಗತಿಯಲ್ಲಿ ಓದಿದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಕಪ್ಪೆ ಮೊದಲಾದ ಉಭಯಚರಗಳಲ್ಲಿ ಅತಿ ಪುರಾತನವೆಂದು ಬಹುಕಾಲ ಎಣಿಸಲ್ಪಟ್ಟ ಒಂದು ಕುಟುಂಬವುಂಟು. ಅದರ ಹೆಸರು ಇಕ್ಥಿಯೋಸ್ಟೆಗಿಡೀ. ಅದರ ಮುಖ್ಯ ಪ್ರಾಣಿ ಇಕ್ಥಿಯೋಸ್ಟೆಗ. ನಾಲಿಗೆಗೆ ತೊಡಕಾದ ಈ ಗ್ರೀಕ್ ಹೆಸರಿಗೆ ‘ಮೀನಿನ ಮಾಡು’ ಎಂದಷ್ಟೇ ಅರ್ಥ. ಮಾಡೆಂದರೆ ಇಲ್ಲಿ ತಲೆಬುರುಡೆಯ ಮೇಲ್ಭಾಗ.

ಈ ಪ್ರಾಣಿಯು ಸುಮಾರು 36 ಕೋಟಿ ವರ್ಷಗಳ ಹಿಂದೆ, ಡಿವೋನಿಯನ್ ಯುಗದ ಕೊನೆಯಲ್ಲಿ, ಬಾಳಿತು. ಪೂರ್ವ ಗ್ರೀನ್‌ಲ್ಯಾಂಡಿನ ಬಂಡೆಗಳಲ್ಲಿ ಇದರ ಶಿಲಾವಶೇಷಗಳು ದೊರೆತುವು. 1931ರಲ್ಲಿ ಅವನ್ನು ಸಂಗ್ರಹಿಸಿದ ಸ್ವೀಡನ್ ದೇಶದ ಗುನ್ನಾರ್ ಸೇವ್-ಸೋಡರ್‌ಬರ್ಗ್ ಎಂಬವರಿಗೆ ಆಗ 21 ವರ್ಷ. ಮರುವರ್ಷವೇ ಕುಟುಂಬಕ್ಕೆ ಹೆಸರಿಟ್ಟ ಅವರು ಕ್ಷಯರೋಗಕ್ಕೆ ತುತ್ತಾಗಿ 1948ರಲ್ಲಿ ತೀರಿಕೊಂಡರು. ಕೆಲಸವು ಎರಿಕ್ ಯಾರ್ವಿಕರ ಪಾಲಿಗೆ ಬಂದಿತು.

ಒಂದು ಮೀಟರಿಗೂ ಮಿಕ್ಕಿದ ಈ ದೇಹವು ಮೀನಿನ ಮತ್ತು ಚತುಷ್ಪಾದಿಯ ಲಕ್ಷಣಗಳ ವಿಚಿತ್ರವಾದ ಮಿಶ್ರಣ. ಬಾಲದಲ್ಲಿ ಮೀನಿನಂತೆಯೇ ಎಲುಬಿನ ಕಡ್ಡಿಗಳಿಂದ ಕೂಡಿದ ರೆಕ್ಕೆ. ಕೆನ್ನೆಯಲ್ಲಿ ಕಿವಿರುಮುಚ್ಚಳದ ಎಲುಬುಗಳ ಅವಶೇಷ. ನೀರಿನ ಅಲುಗಾಟವನ್ನು ಅರಿಯುವ ನಾಳಗಳ ಗುರುತು ತಲೆಯ ಎಲುಬುಗಳಲ್ಲಿದೆ. ಹಲ್ಲನ್ನು ಅಡ್ಡಕ್ಕೆ ಕೊಯ್ದರೆ ಒಳಗಿನ ಪದರಗಳು ಚಕ್ರವ್ಯೂಹದಂತೆ ಸುತ್ತಿಕೊಂಡಿರುವುವು. ಪಕ್ಕೆಲುಬುಗಳಾದರೋ ಅಗಲವಾಗಿ, ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಹೊದ್ದಿರುವುವು. ಇದು ಮೀನಿನಲ್ಲಿಯೂ ಇಲ್ಲ, ಕಪ್ಪೆಯಲ್ಲಿಯೂ ಇಲ್ಲ.

ಹಾಗಿದ್ದೂ ಇದನ್ನು ಉಭಯಚರವೆಂದು ಕರೆದುದೇಕೆ? ಕಾಲುಗಳಿದ್ದುದರಿಂದ. ನೆಲದ ಮೇಲಿನ ಕಶೇರುಕಗಳಿಗೆಲ್ಲ ಮೂಲದಲ್ಲಿ ಐದೇ ಬೆರಳುಗಳೆಂಬುದು ಆಗಿನ ಶಾಸ್ತ್ರದ ನಂಬಿಕೆ. ಯಾರ್ವಿಕರ ಚಿತ್ರಗಳಲ್ಲಿಯೂ ಹಿಂಗಾಲಿಗೆ ಐದೇ ಬೆರಳುಗಳು. 1987ರಲ್ಲಿ ಇಂಗ್ಲೆಂಡಿನ ವಿದುಷಿ ಜೆನ್ನಿ ಕ್ಲ್ಯಾಕ್ ಗ್ರೀನ್‌ಲ್ಯಾಂಡಿಗೆ ಹೋಗಿ ಹೊಸ ಅವಶೇಷಗಳನ್ನು ತಂದರು. ಅವರೂ ಮೈಕಲ್ ಕೋಟ್ಸ್ ಎಂಬವರೂ ಕಲ್ಲಿನಿಂದ ಎಲುಬುಗಳನ್ನು ಬಿಡಿಸಿ ಎಣಿಸಲಾಗಿ, ಹಿಂಗಾಲಿನಲ್ಲಿ ಏಳು ಬೆರಳುಗಳು! ನಾಲ್ಕು ದಪ್ಪ, ಮುಂದಿನ ಅಂಚಿನಲ್ಲಿ ಒತ್ತಾಗಿ ಮೂರು ಸಣ್ಣವು. ಅದೇ ನಾಡಿನ ಅಕಾಂತೊಸ್ಟೆಗ ಎಂಬ ಪ್ರಾಣಿಯ ಮುಂಗಾಲಿನಲ್ಲಿ ಎಂಟು. 1990ರಲ್ಲಿ ಇದು ಪ್ರಕಟವಾದಾಗ ಐದರ ನಿಯಮವು ಬಿದ್ದುಹೋಯಿತು. ಎಣಿಸುವುದಕ್ಕೆ ಮುಂಚೆಯೇ ಉತ್ತರ ತಿಳಿದಿದೆಯೆಂದು ಭಾವಿಸುವುದು ಪಂಡಿತರಿಗೂ ತಪ್ಪಿದ್ದಲ್ಲವೆಂದು ತೋರುತ್ತದೆ.

ವರ್ಗೀಕರಣವೂ ಬದಲಾಯಿತು. ಕಪ್ಪೆಗಳ ಶಾಖೆಯೂ, ಹಾವು ಹಕ್ಕಿ ಮನುಷ್ಯರೆಲ್ಲ ಸೇರಿದ ಶಾಖೆಯೂ ಬೇರ್ಪಡುವುದಕ್ಕೆ ಮುಂಚಿನ ಕಾಂಡದಲ್ಲಿ ಈಗ ಈ ಕುಟುಂಬಕ್ಕೆ ಸ್ಥಾನ. ನಡೆದಾಡಿತೆಂಬ ಕೀರ್ತಿಯೂ ಉಳಿಯಲಿಲ್ಲ: ಕೀಲುಗಳ ಚಲನೆಯನ್ನು ಗಣಕಯಂತ್ರದಿಂದ ಪರೀಕ್ಷಿಸಿದ 2012ರ ಅಧ್ಯಯನದ ಪ್ರಕಾರ, ಅದು ಮುಂಗಾಲುಗಳನ್ನು ಊರಿ ಮೈಯನ್ನು ಮುಂದಕ್ಕೆ ಎಳೆದುಕೊಂಡಿರಬೇಕು, ಹಿಂಗಾಲು ದೋಣಿಯ ಹುಟ್ಟಿನಂತೆ ಈಜುವುದಕ್ಕೆ ಒದಗುತ್ತಿತ್ತು.