ತಾನೇ ಉಳಿ ಬದಲಿಸುವ ಯಂತ್ರ

ಮಧುಗಿರಿಯಲ್ಲಾಗಲಿ ಶಿರಾದಲ್ಲಾಗಲಿ ಬಡಗಿಯ ಅಂಗಡಿಯ ಮುಂದೆ ನೀವು ಒಂದು ಗಳಿಗೆ ನಿಂತು ನೋಡಿರಬಹುದು. ಕೆಲಸಗಾರ ಬೈರಿಗೆಯಿಂದ ತೂತು ಹಾಕಿ ಅದನ್ನು ಕೆಳಗಿಡುತ್ತಾನೆ, ಉಳಿ ಎತ್ತಿಕೊಳ್ಳುತ್ತಾನೆ, ಉಳಿ ಬಿಟ್ಟು ತೋಪಡ ಹಿಡಿಯುತ್ತಾನೆ. ನಮ್ಮ ಕಣ್ಣೆಲ್ಲ ಕೆತ್ತನೆಯ ಮೇಲೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಯಾಗಿ ಹಿಡಿಯುವ ಆ ಕೈಯ ಜಾಣ್ಮೆಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಯಂತ್ರಕ್ಕೆ ಕಲಿಸಹೊರಟಾಗಲೇ ಅದರ ಬೆಲೆ ತಿಳಿಯುವುದು.

ಮರದಲ್ಲಿ ಹೂಬಳ್ಳಿ ಕೆತ್ತುವ ಸಿ.ಎನ್.ಸಿ. ಯಂತ್ರವನ್ನು ಈಗ ಹವ್ಯಾಸಿಗಳು ಮನೆಯಲ್ಲೇ ಜೋಡಿಸಿಕೊಳ್ಳುತ್ತಾರೆ. ಗಣಕಯಂತ್ರ ಅಂಕೆಗಳಲ್ಲಿ ಆಜ್ಞೆ ಕೊಡುತ್ತದೆ. ಸ್ಪಿಂಡಲ್ಲು ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗುತ್ತ ಕೊರೆಯುತ್ತದೆ. ಆದರೆ ಒಂದು ಬಾಗಿಲಿಗೆ ನಾಲ್ಕು ಬಗೆಯ ಬಿಟ್ಟು ಬೇಕಾದರೆ ನಾಲ್ಕು ಸಲವೂ ನೀವೇ ಎದ್ದುಹೋಗಿ ಎರಡು ಸ್ಪ್ಯಾನರ್ ಹಿಡಿದು ಸಡಿಲಿಸಿ, ಬಿಗಿದು, ಹೊಸ ಬಿಟ್ಟಿನ ತುದಿ ಎಷ್ಟು ಕೆಳಗಿದೆಯೆಂದು ಮತ್ತೆ ಅಳೆಯಬೇಕು. ಬೇಸರ ತರುವುದು ಸ್ಪ್ಯಾನರಲ್ಲ, ಈ ಅಳತೆ. ಒಂದೊಂದು ಬಿಟ್ಟಿಗೂ ಒಂದೊಂದು ಹೋಲ್ಡರ್ ಇದ್ದರೆ, ಒಮ್ಮೆ ಅಳೆದು ಗಣಕಯಂತ್ರಕ್ಕೆ ತಿಳಿಸಿದ ಉದ್ದ ಆ ಬಿಟ್ಟನ್ನು ಕೀಳುವವರೆಗೂ ಸಲ್ಲುತ್ತದೆ.

ಉಪಾಯವೇನೂ ಹೊಸದಲ್ಲ. ಅಮೆರಿಕದ ಮಿಲ್ವಾಕಿಯ ಕಾರ್ನಿ ಮತ್ತು ಟ್ರೆಕರ್ ಕಂಪನಿ 1958ರಲ್ಲೇ ತಾನಾಗಿ ಉಪಕರಣ ಬದಲಿಸುವ ಯಂತ್ರವನ್ನು ಹೊರತಂದಿತ್ತು. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿ ಯಂತ್ರ ತಯಾರಿಸುವ ಯಂತ್ರಗಳ ಕಸುಬು ಬೇರೂರಿತು. ಇಂದು ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬಳಿ, ವಸಂತನರಸಾಪುರದಲ್ಲಿ, ಇಂಥ ಕೈಗಾರಿಕೆಗಳಿಗೆಂದೇ ಒಂದು ಪಾರ್ಕು ಇದೆ. ಹೀಗಿರುವಾಗ ಮಧುಗಿರಿಯ ಹುಡುಗನೊಬ್ಬ ಹಿತ್ತಲ ಕೊಟ್ಟಿಗೆಯಲ್ಲಿ ಇದಕ್ಕೆ ಕೈಹಾಕಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಹೊಸಬರಿಗೆ ಹೋಲ್ಡರುಗಳನ್ನು ಸಾಲಾಗಿ ನಿಲ್ಲಿಸುವ ಕವೆಗಳೇ ದೊಡ್ಡ ಕೆಲಸವೆಂದು ತೋರುತ್ತದೆ. ಅದು ಸುಲಭ. ಕಷ್ಟವಿರುವುದು ಹಿಡಿತದಲ್ಲಿ. ಸಾಮಾನ್ಯ ಡ್ರಿಲ್ಲಿಂಗ್ ಯಂತ್ರದ ಮೋರ್ಸ್ ಟೇಪರನ್ನು ನೋಡಿ: ಸುಮಾರು 20 ಪಾಲು ಉದ್ದಕ್ಕೆ 1 ಪಾಲು ಮಾತ್ರ ದಪ್ಪ ಕುಗ್ಗುತ್ತದೆ. ಆದ್ದರಿಂದ ಒಮ್ಮೆ ಕುಳಿಯೊಳಗೆ ಹೊಕ್ಕರೆ ಘರ್ಷಣೆಯಿಂದಲೇ ಕಚ್ಚಿಕೊಳ್ಳುತ್ತದೆ, ಬೆಣೆ ಹೊಡೆದೇ ಬಿಡಿಸಬೇಕು. ಉಪಕರಣ ಬದಲಿಸುವ ಸ್ಪಿಂಡಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು 24ಕ್ಕೆ 7 ಕುಗ್ಗುವ ಟೇಪರು. ಅದು ಬಿಡಿಸಲು ಸುಲಭ. ಸುಲಭವಾದ್ದರಿಂದಲೇ ತಾನಾಗಿ ನಿಲ್ಲದು. ಮೇಲಿನಿಂದ ಯಾರಾದರೂ ಸದಾ ಎಳೆದು ಹಿಡಿದಿರಬೇಕು.

ಎಳೆಯುವವರು ಯಾರು? ಗಾಳಿಯೋ, ಸ್ಪ್ರಿಂಗೋ? ಪಾವಗಡದ ತಿರುಮಣಿಯ ಸುತ್ತಮುತ್ತ 2,050 ಮೆಗಾವಾಟ್ ಸೌರ ವಿದ್ಯುತ್ತಿನ ಸ್ಥಾವರವಿದೆ. ಆದರೂ ಗಾಳಿಮಳೆಯ ಸಂಜೆ ತಂತಿ ಹರಿದರೆ ನಮ್ಮ ಓಣಿಯಲ್ಲಿ ಕತ್ತಲೆಯೇ. ಕಂಪ್ರೆಸರಿನ ಗಾಳಿಯೇ ಬಿಟ್ಟನ್ನು ಹಿಡಿದಿದ್ದರೆ, ಕರೆಂಟು ಹೋಗಿ ಗಾಳಿ ಸೋರಿದಾಗ ಇನ್ನೂ ಸುತ್ತುತ್ತಿರುವ ಉಕ್ಕಿನ ತುಂಡು ಯಾರ ಎದೆಗೆ ಹಾರೀತೋ! ಅದಕ್ಕೇ ಹಿಡಿಯುವ ಕೆಲಸ ಸ್ಪ್ರಿಂಗಿನದು, ಗಾಳಿಯ ಕೆಲಸ ಬಿಡಿಸುವುದು ಮಾತ್ರ. ಸೊಲೆನಾಯ್ಡ್ ವಾಲ್ವನ್ನು ಕೊಳ್ಳುವಾಗಲೂ, ಕರೆಂಟು ಹೋದೊಡನೆ ತನ್ನೊಳಗಿನ ಸ್ಪ್ರಿಂಗಿನಿಂದ ಹಿಂದಿರುಗಿ ಗಾಳಿಯನ್ನು ಹೊರಬಿಡುವಂಥದನ್ನೇ ಕೇಳಿರಿ.

ಸ್ಪಿಂಡಲ್ಲಿನ ಟೊಳ್ಳು ಅಚ್ಚಿನೊಳಗೆ ಒಂದು ಎಳೆಕಂಬಿ. ಅದರ ತುದಿಯ ಉಕ್ಕಿನ ಬೆರಳುಗಳು ಹೋಲ್ಡರಿನ ನೆತ್ತಿಯ ಗುಬುಟನ್ನು ಹಿಡಿಯುತ್ತವೆ. ಕಂಬಿಯ ಸುತ್ತ, ನಡುವೆ ತೂತಿರುವ ತಟ್ಟೆಯಂಥ ಸ್ಪ್ರಿಂಗುಗಳು. ಇವನ್ನು ಒಂದರೊಳಗೊಂದು ಒಂದೇ ಮುಖವಾಗಿ ಪೇರಿಸಿದರೆ ಬಲ ಕೂಡುತ್ತದೆ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಇಟ್ಟರೆ ಚಲನೆ ಕೂಡುತ್ತದೆ. ಸ್ಪ್ರಿಂಗನ್ನು ಅಮುಕಿ ಬೆರಳು ಬಿಡಿಸಲು 300 ಕಿಲೋ ಬಲ ಬೇಕೆಂದುಕೊಳ್ಳಿ. 63 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಚದರ ಸೆಂಟಿಮೀಟರಿಗೆ 6 ಕಿಲೋ ಗಾಳಿ ಒತ್ತಿದರೆ ಸಿಗುವುದು ಸುಮಾರು 187 ಕಿಲೋ. ಸಾಲದು; ಒಂದೇ ದಂಡಿಗೆ ಎರಡು ಪಿಸ್ಟನ್ ಹಾಕಿದರೆ ಸುಮಾರು 374. ಒತ್ತಿದ ಮೇಲೆ ಪಿಸ್ಟನ್ ಪೂರ್ತಿ ಮೇಲೆದ್ದು ಕಂಬಿಗೂ ತನಗೂ ನಡುವೆ ಸಂದು ಬಿಡಬೇಕು, ಇಲ್ಲವಾದರೆ ಸುತ್ತುವ ಕಂಬಿಗೆ ಉಜ್ಜಿ ಸುಟ್ಟೀತು. ಪೇಟೆಯ ಸಾಧಾರಣ ಸ್ಪಿಂಡಲ್ಲಿನ ಗಟ್ಟಿ ಅಚ್ಚನ್ನೇ ಕೊರೆದು ಇದೆಲ್ಲವನ್ನೂ ತುರುಕುವ ಆಸೆ ಬೇಡ. ಟೇಪರು ಬೇರಿಂಗಿನ ನಡುಗೆರೆಗೆ ಕೂದಲಷ್ಟೂ ತಪ್ಪದೆ ಕೂಡಬೇಕು. ಅಂಥದನ್ನು ಸಿದ್ಧವಾಗಿ ಕೊಳ್ಳುವುದೇ ಲೇಸು.

ನನ್ನ ಮೊದಲ ಪ್ರಯತ್ನದ ಮಾತು ಹೇಳಿಬಿಡುತ್ತೇನೆ. ಪಿಸ್ಟನ್ ಮೇಲೆದ್ದಿದೆಯೆಂದು ತಿಳಿಸುವ ಸೆನ್ಸರೊಂದನ್ನು ಇಟ್ಟು, ಹಿಡಿತ ಸರಿಯಾಗಿದೆಯೆಂದೇ ನಂಬಿದ್ದೆ. ಟೇಪರಿನಲ್ಲಿ ಮರದ ಚಕ್ಕೆಯೊಂದು ಸಿಕ್ಕಿತ್ತು. ಹೋಲ್ಡರ್ ಅರ್ಧ ಕೂತಿತ್ತು. ಸ್ಪಿಂಡಲ್ಲು ವೇಗ ಹಿಡಿಯುತ್ತಲೇ ಅದು ಕಳಚಿ ಎದುರಿನ ಹಲಗೆಗೆ ನೆಟ್ಟುಕೊಂಡಿತು. ಆ ಹಲಗೆಯ ಜಾಗದಲ್ಲಿ ಅರೆಗಳಿಗೆಯ ಹಿಂದೆ ನಮ್ಮ ತಮ್ಮ ನಿಂತಿದ್ದ. ಸೆನ್ಸರು ಸುಳ್ಳಾಡಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು ಎಳೆಕಂಬಿ ಎಲ್ಲಿದೆ ಎಂದು. ಬೆರಳು ಬಿಚ್ಚಿದಾಗ ಅದು ಕೆಳಗಿರುತ್ತದೆ. ಹೋಲ್ಡರನ್ನು ಸರಿಯಾಗಿ ಹಿಡಿದಾಗ ಒಂದು ಎತ್ತರಕ್ಕೆ ಬಂದು ನಿಲ್ಲುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ನಡುವಿನ ನೆಲೆಯ ಸಂಕೇತ ಬಾರದೆ ಸ್ಪಿಂಡಲ್ಲು ತಿರುಗಕೂಡದು. ಸ್ಪಿಂಡಲ್ಲು ಪೂರ್ತಿ ನಿಂತ ಸಂಕೇತ ಬಾರದೆ ವಾಲ್ವು ತೆರೆಯಕೂಡದು. ಇವೆರಡನ್ನು ಪ್ರೋಗ್ರಾಮಿನಲ್ಲಿ ಬರೆದರೆ ಸಾಲದು, ತಂತಿಯಲ್ಲೂ ಕಟ್ಟಿರಿ.

ಕೊರಟಗೆರೆಯಾಗಲಿ ಪಾವಗಡವಾಗಲಿ, ಬೇಸಗೆಯ ದೂಳು ನಿಮಗೆ ಗೊತ್ತೇ ಇದೆ. ಹೋಲ್ಡರುಗಳ ಸಾಲಿಗೆ ಮುಚ್ಚಳ ಬೇಕು. ಬೆರಳು ಬಿಚ್ಚಿದಷ್ಟು ಹೊತ್ತೂ ಟೇಪರಿನ ಕುಳಿಯಿಂದ ಒಣಗಾಳಿ ಹೊರಗೆ ಊದುತ್ತಿರಬೇಕು. ಮೊದಲ ನೂರು ಬದಲಾವಣೆಗಳನ್ನು ಮೋಟರಿಗೆ ಕರೆಂಟು ಕೊಡದೆಯೇ ಮಾಡಿ ನೋಡಿರಿ. ಹೋಲ್ಡರ್ ಜಾರಿದರೆ ಮೇಜೂ ಬಿಟ್ಟೂ ಕೆಡದಂತೆ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ ಹಾಸಿರಲಿ.