ಎರಡು ದಿನ ಮೊದಲೇ ಸಿಕ್ಕ ಸುಳಿವು

ಮೂತ್ರಪಿಂಡಕ್ಕೆ ದಿಢೀರನೆ ಹಾನಿಯಾದರೆ ಸಾಮಾನ್ಯವಾಗಿ ನೋವಾಗುವುದಿಲ್ಲ. ತೀವ್ರ ಸೋಂಕು, ರಕ್ತಸ್ರಾವ, ವಾಂತಿಭೇದಿ, ಕೆಲವು ನೋವಿನ ಮಾತ್ರೆಗಳು ಅದನ್ನು ಸದ್ದಿಲ್ಲದೆ ಕೆಡಿಸುತ್ತವೆ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ನೆಚ್ಚಿಕೊಂಡಿರುವುದು ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿರುವ ಮಟ್ಟವನ್ನು. ಅದು ಏರುವುದೇ ತಡವಾಗಿ. ರೋಗಿಯ ಹಳೆಯ ಮಟ್ಟ ಗೊತ್ತಿಲ್ಲದಿದ್ದರೆ ಇಂದಿನ ಅಂಕಿ ಅವರಿಗೆ ಮಾಮೂಲೋ ಅಪಾಯವೋ ಎಂದು ಹೇಳುವುದೂ ಕಷ್ಟ.

2009ರಲ್ಲಿ ಬ್ರಿಟನ್ನಿನಲ್ಲಿ, ಮೂತ್ರಪಿಂಡದ ಈ ತೊಂದರೆಯಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡವರ ಕಡತಗಳನ್ನು ಬಿಡಿಸಿ ನೋಡಿದಾಗ, ಒಳ್ಳೆಯ ಆರೈಕೆ ಸಿಕ್ಕಿದ್ದು ಅರ್ಧದಷ್ಟು ಮಂದಿಗೆ ಮಾತ್ರ ಎಂದು ತಿಳಿಯಿತು. ಹೊಸ ಕ್ರಿಯಾಟಿನಿನ್ ಅಂಕಿಯನ್ನು ಹಳೆಯದರೊಂದಿಗೆ ತಾನಾಗಿ ಹೋಲಿಸುವ ಲೆಕ್ಕವನ್ನು ಪ್ರಯೋಗಾಲಯಗಳಲ್ಲಿ ಅಳವಡಿಸಲು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ 2014ರಲ್ಲಿ ಸೂಚಿಸಿತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ, ಕೃತಕ ಬುದ್ಧಿಮತ್ತೆಗೆ ಹೆಸರಾದ ಡೀಪ್‌ಮೈಂಡ್ ಕಂಪನಿಯ ‘ಸ್ಟ್ರೀಮ್ಸ್’ ಆ್ಯಪ್ ಇದೇ ಲೆಕ್ಕದ ಎಚ್ಚರಿಕೆಯನ್ನು ತಜ್ಞರ ಮೊಬೈಲಿಗೆ ತಲುಪಿಸಿತು. ಅದರಲ್ಲಿ ಕೃತಕ ಬುದ್ಧಿಮತ್ತೆ ಇರಲಿಲ್ಲ. ಆದರೂ ತುರ್ತು ರೋಗಿಗಳಲ್ಲಿ ತೊಂದರೆ ಗುರುತಿಸಿದ ಪ್ರಮಾಣ ಶೇ. 87.6ರಿಂದ ಶೇ. 96.7ಕ್ಕೆ ಏರಿತು. ಮೂತ್ರಪಿಂಡದ ಚೇತರಿಕೆ ಮಾತ್ರ ಸ್ಪಷ್ಟವಾಗಿ ಸುಧಾರಿಸಲಿಲ್ಲ. ಇದಕ್ಕಾಗಿ ಆಸ್ಪತ್ರೆ ರೋಗಿಗಳ ಮಾಹಿತಿಯನ್ನು ಕಂಪನಿಯೊಂದಿಗೆ ಹಂಚಿಕೊಂಡ ರೀತಿ ಕಾನೂನಿಗೆ ಹೊಂದುವುದಿಲ್ಲವೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರಲ್ಲಿ ತೀರ್ಪಿತ್ತರು.

ಆಗಿಹೋದ ಹಾನಿಯನ್ನು ಬೇಗ ಕಂಡರೂ ಸಾಲದು, ಆಗುವ ಮೊದಲೇ ತಿಳಿಯಬೇಕು. ಈ ದಾರಿ ಹಿಡಿದ ಡೀಪ್‌ಮೈಂಡ್ ತಂಡ ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳ 7 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳಿಂದ, ಇದನ್ನು ಊಹಿಸಲು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕಲಿಸಿತು. 2019ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಒಳರೋಗಿಗಳಲ್ಲಿ ಶೇ. 55.8ರಷ್ಟು ಪ್ರಕರಣಗಳನ್ನು, ಡಯಾಲಿಸಿಸ್ ಬೇಕಾದವುಗಳಲ್ಲಿ ಶೇ. 90.2ರಷ್ಟನ್ನು, 48 ಗಂಟೆಗಳವರೆಗೆ ಮುಂಚಿತವಾಗಿ ಅದು ಊಹಿಸಿತ್ತು. ಆದರೆ ಪ್ರತಿ ನಿಜ ಎಚ್ಚರಿಕೆಗೆ ಎರಡು ಸುಳ್ಳು ಎಚ್ಚರಿಕೆಗಳಿದ್ದವು. ದಾಖಲೆಗಳಲ್ಲಿದ್ದ ಹೆಂಗಸರು ಶೇ. 7ಕ್ಕೂ ಕಡಿಮೆ. ತುರ್ತು ವಿಭಾಗದ್ದೇ ಮಾಹಿತಿಯಿಂದ ಇಂಥ ಮುನ್ಸೂಚನೆ ಸಾಧ್ಯವೆಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು.

ಮರುವರ್ಷ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗವೊಂದು ಎಲ್ಲರನ್ನೂ ತಡೆದು ನಿಲ್ಲಿಸಿತು. ಆರು ಆಸ್ಪತ್ರೆಗಳ 6,030 ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ವೈದ್ಯರಿಗೆ ಮಾತ್ರ ಕಂಪ್ಯೂಟರ್ ಎಚ್ಚರಿಕೆ ಹೋಗುತ್ತಿತ್ತು. ಇದು ಊಹೆಯದ್ದಲ್ಲ, ಆಗಲೇ ಶುರುವಾದ ತೊಂದರೆಯ ಎಚ್ಚರಿಕೆ. ಒಟ್ಟಾರೆ ಸಾವು, ಡಯಾಲಿಸಿಸ್ ಯಾವುದೂ ಕಡಿಮೆಯಾಗಲಿಲ್ಲ. ವೈದ್ಯಕೀಯ ಬೋಧನೆ ನಡೆಯದ ಎರಡು ಆಸ್ಪತ್ರೆಗಳಲ್ಲಂತೂ ಎಚ್ಚರಿಕೆ ಹೋದ ಗುಂಪಿನಲ್ಲೇ ಸಾವು ಹೆಚ್ಚಿತ್ತು.

ಹತ್ತು ವರ್ಷಗಳಿಗೂ ಹೆಚ್ಚಿನ ಈ ಹುಡುಕಾಟ ಕಲಿಸಿದ್ದು ಇಷ್ಟು: ಎಚ್ಚರಿಕೆ ಎಂಬುದೇ ಚಿಕಿತ್ಸೆಯಲ್ಲ. ಯಾವ ಮಾತ್ರೆ ನಿಲ್ಲಿಸಬೇಕು, ಎಷ್ಟು ದ್ರವ ಕೊಡಬೇಕು, ಮೂತ್ರದ ಹಾದಿ ಕಟ್ಟಿದೆಯೇ, ಇದನ್ನು ಈಗಲೇ ಯಾರು ನೋಡುತ್ತಾರೆ ಎಂಬುದನ್ನು ಗೊತ್ತುಮಾಡದೆ ಯಂತ್ರವನ್ನು ವಾರ್ಡಿಗೆ ತರಬಾರದು. ಅದರ ಊಹೆ ಎಷ್ಟು ಸರಿ ಎಂಬುದಕ್ಕಿಂತ, ಅದರಿಂದ ಎಷ್ಟು ಮಂದಿ ಗುಣವಾದರು ಎಂದು ಅಳೆಯೋಣ.